ಇಂಗ್ಲಿಷ್ ತನ್ನ ಸೋದರಮಾವನನ್ನು ಕಳೆದುಕೊಂಡ ಕಥೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನ್ಯೂಜೆರ್ಸಿಯಿಂದ ತಮ್ಮನ ಮಗಳು ವಿಡಿಯೊ ಕಾಲ್ ಮಾಡಿದಳು. ಎಂಟು ವರ್ಷದ ಹುಡುಗಿ. ಶಾಲೆಯಲ್ಲಿ ಎಲ್ಲ ಮಕ್ಕಳೂ ತಮ್ಮ ಮನೆಯವರ ಚಾರ್ಟ್ ಮಾಡಿಕೊಂಡು ಬರಬೇಕಂತೆ. ಒಂದೊಂದು ಚೌಕದಲ್ಲಿ ಒಬ್ಬೊಬ್ಬರ ಫೋಟೊ, ಕೆಳಗೆ ಹೆಸರು, ಅದರ ಕೆಳಗೆ ಅವರು ಏನಾಗಬೇಕು ಅನ್ನೋದು. ಹಸಿರು ಬಣ್ಣದ ದಪ್ಪ ಕಾಗದವನ್ನು ಕ್ಯಾಮೆರಾ ಮುಂದೆ ಹಿಡಿದಳು. ಪೆನ್ಸಿಲ್ಲಿನಲ್ಲಿ ಬರೆದಿದ್ದ 'ಅಂಕಲ್' ಅನ್ನೋ ಪದ ಆ ಹಾಳೆಯಲ್ಲಿ ಏಳು ಸಲ ಇತ್ತು.

"ದೊಡ್ಡಪ್ಪ, ಎಲ್ಲರೂ ಅಂಕಲ್ ಆಗಿಬಿಟ್ಟಿದ್ದಾರೆ. ಯಾರು ಯಾವ ಅಂಕಲ್ ಅಂತ ಟೀಚರ್ ಕೇಳಿದ್ರೆ ಏನು ಹೇಳ್ಲಿ?"

ಎಣಿಸಿದೆವು. ನಾನು ದೊಡ್ಡಪ್ಪ. ನಮ್ಮ ಕಿರಿಯ ತಮ್ಮ ಚಿಕ್ಕಪ್ಪ. ಅವಳ ಅಮ್ಮನ ಅಣ್ಣತಮ್ಮಂದಿರು ಇಬ್ಬರು, ಸೋದರಮಾವಂದಿರು. ನಮ್ಮ ತಂಗಿಯ ಗಂಡ, ಅವರೂ ಮಾವ. ಅವಳ ಅಮ್ಮನ ತಂಗಿಯ ಗಂಡ, ಅವರು ಚಿಕ್ಕಪ್ಪ. ಏಳನೆಯವರು ಪಕ್ಕದ ಮನೆಯವರು, ಅವರು ನಿಜಕ್ಕೂ ಅಂಕಲ್. ನಾವು ಮನೆಯಲ್ಲಿ ದಿನಾ ಬಳಸೋ ಇಷ್ಟೊಂದು ಮಾತು ಇಂಗ್ಲಿಷಿಗೆ ಹೋಗುವಾಗ ಒಂದೇ ಮಾತಾಗಿ ಕೂತಿತ್ತು.

ಇಂಥ ಹೊತ್ತಿನಲ್ಲಿ ನಮ್ಮವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. ಇಂಗ್ಲಿಷಿನವರಿಗೆ ಸಂಬಂಧಗಳೇ ಇಲ್ಲ, ಅದಕ್ಕೇ ಪದಗಳೂ ಇಲ್ಲ ಅಂತ. ನಾನೂ ಹಿಂದೆ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ಇಂಗ್ಲಿಷಿಗೂ ಸೋದರಮಾವ ಇದ್ದ, ಚಿಕ್ಕಪ್ಪ ಬೇರೆ ಇದ್ದ, ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ ಇದ್ದರು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅಮ್ಮನ ಅಣ್ಣನೋ ತಮ್ಮನೋ ಆದರೆ 'ಎಆಮ್'. ಅಪ್ಪನ ಅಣ್ಣತಮ್ಮ ಆದರೆ 'ಫ್ಯಾಡೆರ'. ಅಮ್ಮನ ಅಕ್ಕತಂಗಿ 'ಮೋದ್ರಿಯೆ'. ಅಪ್ಪನ ಅಕ್ಕತಂಗಿ 'ಫಾದು'. ನಾಲ್ಕು ಜನಕ್ಕೆ ನಾಲ್ಕು ಮಾತು. ದೊಡ್ಡ–ಚಿಕ್ಕ ಅನ್ನೋ ಭೇದ ಅವರಲ್ಲಿ ಇರಲಿಲ್ಲ, ಆದರೆ ಅಪ್ಪನ ಕಡೆ ಯಾರು ಅಮ್ಮನ ಕಡೆ ಯಾರು ಅನ್ನೋದು ಬಾಯಿ ತೆರೆದ ತಕ್ಷಣ ಗೊತ್ತಾಗುತ್ತಿತ್ತು. ಹೆಂಡತಿಯ ಅಥವಾ ಗಂಡನ ಅಪ್ಪನಿಗೆ ಒಂದು ಮಾತು, ಗಂಡನ ಅಣ್ಣತಮ್ಮನಿಗೆ 'ಟಾಕೊರ್' ಅಂತ ಒಂದು ಮಾತು, ಸೊಸೆಗೆ 'ಸ್ನೊರು' ಅಂತ ಒಂದು ಮಾತು ಇತ್ತು.

ಅದರಲ್ಲೂ ಸೋದರಮಾವನಿಗೆ ಇದ್ದ ಮರ್ಯಾದೆ ಸಣ್ಣದಲ್ಲ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಹೊತ್ತಿಗೆ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತಾ, ಅವರಲ್ಲಿ ಅಕ್ಕತಂಗಿಯರ ಗಂಡುಮಕ್ಕಳಿಗೆ ತಂದೆಯ ಹತ್ತಿರ ಎಷ್ಟು ಬೆಲೆಯೋ ಸೋದರಮಾವನ ಹತ್ತಿರವೂ ಅಷ್ಟೇ ಬೆಲೆ ಅಂತ ಹೇಳಿದ್ದಾನೆ. ಇಂಗ್ಲಿಷ್ ಆಡುವವರ ಹಿರೀಕರು ಈ ಬುಡಕಟ್ಟುಗಳಿಂದಲೇ ಬಂದವರು. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಈ ಮಾತು ಹೊಸದು ಅನ್ನಿಸೋದಿಲ್ಲ. ಅಲ್ಲಿ ಆಸ್ತಿಯೇ ಮಾವನಿಂದ ಅಳಿಯನಿಗೆ ಹೋಗುತ್ತಿತ್ತು. ಜರ್ಮನ್ ಬುಡಕಟ್ಟುಗಳಲ್ಲಿ ಆಸ್ತಿ ಮಕ್ಕಳಿಗೇ ಹೋಗುತ್ತಿತ್ತು, ಅದು ಬೇರೆ ವಿಷಯ. ಆದರೆ ಸೋದರಮಾವ ಅನ್ನೋನು 'ಯಾರೋ ಒಬ್ಬ ಅಂಕಲ್' ಆಗಿರಲಿಲ್ಲ.

ಹಾಗಾದರೆ ಆ ಮಾತುಗಳೆಲ್ಲ ಏನಾದವು?

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಮುಂದೆ ಸುಮಾರು ಮುನ್ನೂರು ವರ್ಷ ಅರಮನೆಯ ಮಾತು ಫ್ರೆಂಚ್, ಜಮೀನಿನ ಮಾತು ಫ್ರೆಂಚ್, ಕೋರ್ಟಿನ ಮಾತು ಫ್ರೆಂಚ್. ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಬೇಕು ಅಂತ ಕಾನೂನು ಬಂದದ್ದು 1362ರಲ್ಲಿ. ಅಷ್ಟರೊಳಗೆ ಆಗಬೇಕಾದ್ದೆಲ್ಲ ಆಗಿಹೋಗಿತ್ತು. 1300ರ ಹೊತ್ತಿಗೆ ಅಂಕಲ್, ಆಂಟ್, ನೆಫ್ಯೂ, ನೀಸ್, ಕಸಿನ್ ಎಲ್ಲವೂ ಇಂಗ್ಲಿಷಿನ ಒಳಗೆ ಬಂದು ಕೂತಿದ್ದವು. ಎಲ್ಲವೂ ಫ್ರೆಂಚ್ ಮಾತುಗಳು. ಆಮೇಲೆ ಗ್ರ್ಯಾಂಡ್‌ಫಾದರ್ ಬಂತು, ಅದು ಅರ್ಧ ಫ್ರೆಂಚ್ ಅರ್ಧ ಇಂಗ್ಲಿಷ್. ಅದಕ್ಕೆ ಮೊದಲು ಇಂಗ್ಲಿಷಿನವರು ಅಜ್ಜನನ್ನು 'ಹಳೆಯ ಅಪ್ಪ' ಅಂತ ಅರ್ಥ ಬರೋ ಮಾತಿನಿಂದ ಕರೆಯುತ್ತಿದ್ದರು.

ಇಲ್ಲಿ ಗಮನಿಸಬೇಕಾದದ್ದು ಏನು ಹೋಯಿತು ಅನ್ನೋದಷ್ಟೇ ಅಲ್ಲ, ಏನು ಉಳಿಯಿತು ಅನ್ನೋದೂ ಹೌದು. ಫಾದರ್, ಮದರ್, ಬ್ರದರ್, ಸಿಸ್ಟರ್, ಸನ್, ಡಾಟರ್ ಈ ಆರೂ ಹಾಗೇ ಉಳಿದವು. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಸುತ್ತ ಇರೋರ ಹೆಸರುಗಳಿವು. ಇವನ್ನು ಯಾವ ರಾಜನೂ ಅಲ್ಲಾಡಿಸೋಕೆ ಆಗಲಿಲ್ಲ. ಹೊಸಿಲು ದಾಟಿ ಆಚೆ ಇದ್ದವರ ಹೆಸರುಗಳು ಬದಲಾದವು, ಏಕೆಂದರೆ ಅವರ ಹೆಸರು ಜಾಸ್ತಿ ಬೇಕಾಗುತ್ತಿದ್ದದ್ದೇ ಪಾಲು, ಮದುವೆ, ವಾರಸುದಾರಿಕೆ ಅನ್ನೋ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಮಾತು ನಡೆಯುತ್ತಿದ್ದದ್ದು ಫ್ರೆಂಚಿನಲ್ಲಿ.

ಫ್ರೆಂಚಿನ 'ಆಂಕ್ಲ್' ಹುಟ್ಟಿದ್ದು ಲ್ಯಾಟಿನ್ನಿನ 'ಅವುಂಕುಲುಸ್' ಅನ್ನೋದರಿಂದ. ಬಿಡಿಸಿದರೆ 'ಪುಟ್ಟ ಅಜ್ಜ'. ಲ್ಯಾಟಿನ್ನಿನಲ್ಲಿ ಅದು ಅಮ್ಮನ ಅಣ್ಣತಮ್ಮನಿಗೆ ಮಾತ್ರ ಇದ್ದ ಹೆಸರು. ಅಪ್ಪನ ಅಣ್ಣತಮ್ಮನಿಗೆ 'ಪತ್ರುಉಸ್' ಅಂತ ಬೇರೆ ಮಾತಿತ್ತು. 'ಆಂಟ್' ಬಂದದ್ದು 'ಅಮಿತಾ' ಅನ್ನೋದರಿಂದ, ಅದು ಅಪ್ಪನ ಅಕ್ಕತಂಗಿಗೆ ಮಾತ್ರ ಇದ್ದ ಹೆಸರು. ಅಂದರೆ ಅಂಕಲ್ ಅಂದರೆ ಮೂಲದಲ್ಲಿ ಸೋದರಮಾವ, ಆಂಟಿ ಅಂದರೆ ಮೂಲದಲ್ಲಿ ಸೋದರತ್ತೆ. ನಮ್ಮ ಮಾವ–ಅತ್ತೆ ಜೋಡಿ ಹೇಗೋ ಹಾಗೇ! ಇದನ್ನು ಮೊದಲ ಸಲ ನಿಘಂಟಿನಲ್ಲಿ ನೋಡಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಲ್ಯಾಟಿನ್ ಆಡುಮಾತಾಗಿ ಫ್ರೆಂಚ್ ಆಗೋ ಹೊತ್ತಿಗೆ ಈ ಭೇದ ಅಳಿಸಿಹೋಗಿ, ಸೋದರಮಾವನ ಹೆಸರು ಚಿಕ್ಕಪ್ಪನಿಗೂ ಅಂಟಿಕೊಂಡಿತ್ತು. ಇಂಗ್ಲಿಷ್ ಅದನ್ನು ಹಾಗೇ ತೆಗೆದುಕೊಂಡಿತು. ನೆಫ್ಯೂ, ನೀಸ್ ಅನ್ನೋದರ ಬೇರಿನಲ್ಲಿ ಮೊಮ್ಮಗ, ಮೊಮ್ಮಗಳು ಅನ್ನೋ ಅರ್ಥವೂ ಇದೆ. ಕಸಿನ್ ಹುಟ್ಟಿದ ಲ್ಯಾಟಿನ್ ಪದ ಮೊದಲು ಹೇಳುತ್ತಿದ್ದದ್ದು ಅಮ್ಮನ ಅಕ್ಕತಂಗಿಯ ಮಕ್ಕಳನ್ನು, ಅಂದರೆ ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳನ್ನು.

ಚರ್ಚಿನ ಮದುವೆ ನಿಯಮವೂ ಇದಕ್ಕೆ ನೀರೆರೆದಿರಬೇಕು. ಆಗಿನ ಚರ್ಚು ಎಷ್ಟನೇ ಹೆಜ್ಜೆಯವರೆಗಿನ ನೆಂಟರಲ್ಲಿ ಮದುವೆ ಕೂಡದು ಅಂತ ಲೆಕ್ಕ ಇಡುತ್ತಿತ್ತು. ಮೊದಲು ಏಳು ಹೆಜ್ಜೆ ಇದ್ದದ್ದನ್ನು 1215ರಲ್ಲಿ ನಾಲ್ಕಕ್ಕೆ ಇಳಿಸಿತು. ಆ ಲೆಕ್ಕಕ್ಕೆ ಅಪ್ಪನ ಕಡೆ, ಅಮ್ಮನ ಕಡೆ ಎಲ್ಲ ಒಂದೇ. ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಇದ್ದ ನಮ್ಮಂಥ ಕಡೆ ಮಾವನ ಮಗಳು ಯಾರು, ಚಿಕ್ಕಪ್ಪನ ಮಗಳು ಯಾರು ಅನ್ನೋದು ಗೊತ್ತಿರಲೇಬೇಕು. ಒಬ್ಬಳು ಮದುವೆಗೆ ಬರೋಳು, ಇನ್ನೊಬ್ಬಳು ಒಡಹುಟ್ಟಿದ ತಂಗಿಗೆ ಸಮ. ಎರಡೂ ಕೂಡದು ಅಂತ ಆದ ಕಡೆ ಆ ಭೇದಕ್ಕೆ ಕೆಲಸವೇ ಇಲ್ಲ. ನಮ್ಮ ಮಾತಿನಲ್ಲೂ ಇದರ ಇನ್ನೊಂದು ಮುಖ ಕಾಣುತ್ತದೆ. ಮಾವ ಅಂದರೆ ಅಮ್ಮನ ಅಣ್ಣನೂ ಹೌದು, ಹೆಂಡತಿಯ ಅಪ್ಪನೂ ಹೌದು. ಅತ್ತೆ, ಅಳಿಯ, ಸೊಸೆ ಎಲ್ಲಕ್ಕೂ ಎರಡೆರಡು ಅರ್ಥ. ನಮ್ಮಲ್ಲಿ ಮಾತು ಕಡಿಮೆ ಬಿದ್ದು ಹೀಗಾದದ್ದಲ್ಲ, ಎಷ್ಟೋ ಮನೆಗಳಲ್ಲಿ ಆ ಇಬ್ಬರೂ ನಿಜವಾಗಿ ಒಬ್ಬರೇ ಆಗಿರುತ್ತಿದ್ದರು.

ಎಆಮ್ ಪೂರ್ತಿ ಸತ್ತಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಮಾತಿನಲ್ಲಿ, ಇಂಗ್ಲೆಂಡಿನ ಉತ್ತರದ ಹಳ್ಳಿಮಾತಿನಲ್ಲಿ ಅದು 'ಈಮ್' ಆಗಿ ಬಹಳ ಕಾಲ ಉಳಿದಿತ್ತು. ಈಮ್ಸ್ ಅನ್ನೋ ಮನೆತನದ ಹೆಸರಿನಲ್ಲಿ ಈಗಲೂ ಇದೆ. ಇಂಗ್ಲಿಷಿನ ದಾಯಾದಿ ಭಾಷೆಯಾದ ಸ್ವೀಡಿಷ್ ಅಂತೂ ಈ ಭೇದವನ್ನು ಬಿಟ್ಟೇ ಇಲ್ಲ. ಅಲ್ಲಿ ಸೋದರಮಾವ 'ಮೂರ್‌ಬ್ರೂರ್', ಅಂದರೆ ಅಮ್ಮ–ಅಣ್ಣ. ಅಪ್ಪನ ಅಣ್ಣತಮ್ಮ 'ಫಾರ್‌ಬ್ರೂರ್'. ಅಮ್ಮನ ಅಮ್ಮ 'ಮೂರ್‌ಮೂರ್'. ಹಾಗಾಗಿ ಇದು 'ಪಶ್ಚಿಮದವರಿಗೆ ಸಂಬಂಧ ಗೊತ್ತಿಲ್ಲ' ಅನ್ನೋ ಕಥೆ ಅಲ್ಲವೇ ಅಲ್ಲ. ಅರಮನೆ, ಕೋರ್ಟು, ಚರ್ಚು ಮೂರೂ ಸೇರಿ ಒಂದು ಭಾಷೆಯ ಮನೆಮಾತನ್ನು ಹೇಗೆ ಬದಲಿಸಿದವು ಅನ್ನೋ ಕಥೆ.

ಈಗ ಉಳಿದ ಆರು ಮಾತುಗಳಿಗೆ ಬರೋಣ. ಇವುಗಳ ಬಗ್ಗೆ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ವರ್ಷಕ್ಕೆ ನಾಲ್ಕು ಸಲವಾದರೂ ನನಗೆ ಬರುತ್ತದೆ. ಪಿತೃವಿನಿಂದ ಫಾದರ್, ಮಾತೃವಿನಿಂದ ಮದರ್, ಭ್ರಾತೃವಿನಿಂದ ಬ್ರದರ್, ಆದ್ದರಿಂದ ಇಂಗ್ಲಿಷ್ ಹುಟ್ಟಿದ್ದೇ ಸಂಸ್ಕೃತದಿಂದ ಅಂತ. ಹೋಲಿಕೆ ನಿಜ. ತೀರ್ಮಾನ ತಪ್ಪು. 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ, ಅಲ್ಲಿ ಜಡ್ಜ್ ಆಗಿದ್ದ ಇಂಗ್ಲಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಹೇಳಿದ್ದು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಅಂತ. ಅಂದರೆ ಇವು ತಾಯಿ–ಮಕ್ಕಳಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರ ಮಕ್ಕಳು. ಸಂಸ್ಕೃತ ಮತ್ತು ಇಂಗ್ಲಿಷ್ ಕಸಿನ್‌ಗಳು, ಅದೂ ಆ ಪದದ ಹಳೆಯ ಅರ್ಥದಲ್ಲಿ.

ಹೋಲಿಕೆ ಸುಮ್ನೆ ಕಿವಿಗೆ ಕೇಳಿಸೋ ಹೋಲಿಕೆ ಅಲ್ಲ, ಅದಕ್ಕೊಂದು ಲೆಕ್ಕ ಇದೆ. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಆ ಲೆಕ್ಕವನ್ನು ಬಿಡಿಸಿ ತೋರಿಸಿದ. ಸಂಸ್ಕೃತದಲ್ಲಿ 'ಪ' ಇರೋ ಕಡೆ ಇಂಗ್ಲಿಷಿನಲ್ಲಿ 'ಫ' ಬರುತ್ತದೆ: ಪಿತೃ–ಫಾದರ್, ಪಾದ–ಫುಟ್, ಪಂಚ–ಫೈವ್. 'ದ' ಇರೋ ಕಡೆ 'ಟ': ದಶ–ಟೆನ್, ದ್ವಿ–ಟೂ. 'ಭ' ಇರೋ ಕಡೆ 'ಬ': ಭ್ರಾತೃ–ಬ್ರದರ್. ದುಹಿತೃ–ಡಾಟರ್ ನೋಡಿ. ಇಂಗ್ಲಿಷಿನಲ್ಲಿ ಈ ಪದ ಬರೆಯುವಾಗ ನಡುವೆ ಉಚ್ಚಾರ ಇಲ್ಲದ ಎರಡು ಅಕ್ಷರ ಬರುತ್ತವೆ, ಶಾಲೆಯಲ್ಲಿ ಅದಕ್ಕಾಗಿ ಎಷ್ಟು ಏಟು ತಿಂದಿದ್ದೇವೋ. ಅವು ಒಂದು ಕಾಲದಲ್ಲಿ ಗಂಟಲಿನಿಂದ ಉಚ್ಚಾರ ಆಗುತ್ತಿದ್ದ ಅಕ್ಷರಗಳು, ನಮ್ಮ ದುಹಿತೃವಿನ 'ಹಿ' ಇದ್ದ ಜಾಗದಲ್ಲೇ ಕೂತಿವೆ. ಸಿಸ್ಟರ್ ಹಳೆ ಇಂಗ್ಲಿಷಿನಲ್ಲಿ 'ಸ್ವೆಓಸ್ಟೊರ್', ಸ್ವಸೃವಿನ 'ಸ್ವ' ಹಾಗೇ ಇತ್ತು. ಆಮೇಲೆ ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ 'ಸಿಸ್ಟಿರ್' ಇದರ ಮೇಲೆ ಪ್ರಭಾವ ಬೀರಿ 'ವ' ಬಿದ್ದುಹೋಯಿತು. ಹಸ್ಬೆಂಡ್ ಕೂಡ ಅದೇ ಕಡೆಯ ಮಾತು, ಅರ್ಥ ಮನೆಯ ಯಜಮಾನ. ನಮ್ಮ ಹೆಂಗಸರು ಗಂಡನಿಗೆ 'ನಮ್ಮನೆಯವರು', 'ಯಜಮಾನ್ರು' ಅನ್ನೋ ಹಾಗೇ.

ಗ್ರಿಮ್‌ನ ಲೆಕ್ಕದಲ್ಲಿ ಒಂದು ಗಂಟು ಉಳಿದಿತ್ತು. ಪಿತೃ, ಭ್ರಾತೃ ಎರಡರಲ್ಲೂ ನಡುವೆ ಇರೋದು 'ತ'. ಆದರೆ ಹಳೆ ಇಂಗ್ಲಿಷಿನಲ್ಲಿ ಅಪ್ಪ 'ಫ್ಯಾಡೆರ್', ಅಣ್ಣತಮ್ಮ 'ಬ್ರೋದೊರ್'. ಒಂದರಲ್ಲಿ 'ಡ', ಇನ್ನೊಂದರಲ್ಲಿ 'ದ'. ಯಾಕೆ? ಐವತ್ತು ವರ್ಷ ಯಾರಿಗೂ ಬಗೆಹರಿಯಲಿಲ್ಲ. 1870ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಇದನ್ನು ಬಿಡಿಸಿದ. ಕೀಲಿ ಸಿಕ್ಕಿದ್ದು ವೇದದ ಸ್ವರದಲ್ಲಿ. ವೇದದಲ್ಲಿ 'ಪಿತಾ' ಅನ್ನುವಾಗ ಒತ್ತು ಎರಡನೇ ಅಕ್ಷರದ ಮೇಲೆ, 'ಭ್ರಾತಾ' ಅನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ. ಒತ್ತು ಎಲ್ಲಿತ್ತು ಅನ್ನೋದರ ಮೇಲೆ ಇಂಗ್ಲಿಷಿನಲ್ಲಿ ಆ ನಡುವಿನ ಅಕ್ಷರ ಎರಡು ದಾರಿ ಹಿಡಿದಿತ್ತು. ಸಂಸ್ಕೃತದಿಂದ ಇಂಗ್ಲಿಷ್ ಹುಟ್ಟಿತು ಅಂತ ಫಾರ್ವರ್ಡ್ ಮಾಡೋದಕ್ಕಿಂತ ಇದು ಎಷ್ಟೋ ಪಾಲು ದೊಡ್ಡ ವಿಷಯ ಅಂತ ನನಗೆ ಅನ್ನಿಸುತ್ತದೆ. ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಸ್ವರ ತಪ್ಪದ ಹಾಗೆ ವೇದ ಹೇಳಿಕೊಂಡು ಬಂದ ಕಾರಣಕ್ಕೆ, ಸಾವಿರಾರು ಮೈಲಿ ದೂರದ ಭಾಷೆಯೊಂದರ ಒಗಟು ಬಿಡಿಸೋಕೆ ಸಾಧ್ಯವಾಯಿತು.

ಕನ್ನಡ ಈ ಮನೆತನದ್ದಲ್ಲ. ನಮ್ಮ ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ತಂಗಿ ಎಲ್ಲವೂ ದ್ರಾವಿಡ ಮಾತುಗಳು. ತೆಂಕಣ ಭಾಷೆಗಳು ಬೇರೆಯದೇ ಒಂದು ಮನೆತನ ಅಂತ ಮದ್ರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಫ್. ಡಬ್ಲ್ಯೂ. ಎಲ್ಲಿಸ್ 1816ರಲ್ಲೇ ತೋರಿಸಿದ್ದ. ಅಮ್ಮ–ಮಮ್ಮಿ, ಅಪ್ಪ–ಪಪ್ಪಾ ಒಂದೇ ಥರ ಇರೋದಕ್ಕೆ ನೆಂಟಸ್ತಿಕೆ ಕಾರಣ ಅಲ್ಲ. ಕೂಸಿನ ತುಟಿಗೆ ಮೊದಲು ಸಿಗೋ ಅಕ್ಷರಗಳೇ ಮ, ಪ, ಬ. ಎಲ್ಲ ಕಡೆಯ ಅಪ್ಪಅಮ್ಮಂದಿರೂ ಆ ಶಬ್ದ ತಮ್ಮನ್ನೇ ಕರೆದದ್ದು ಅಂತ ಹಿಗ್ಗುತ್ತಾರೆ. ಜಾರ್ಜಿಯಾ ದೇಶದ ಮಾತಿನಲ್ಲಿ 'ಮಾಮಾ' ಅಂದರೆ ಅಪ್ಪ.

ಆದರೂ ಒಂದು ಮಾತು ನಮ್ಮನ್ನು ಆ ಮನೆಗೆ ನೆಂಟರನ್ನಾಗಿ ಮಾಡಿದೆ. ಸೊಸೆ. ಅದು ಸಂಸ್ಕೃತದ ಸ್ನುಷಾ ಅನ್ನೋದರ ತದ್ಭವ. ಹಳೆ ಇಂಗ್ಲಿಷಿನ 'ಸ್ನೊರು' ಇದೇ ಸ್ನುಷಾದ ದಾಯಾದಿ. ಇಂಗ್ಲಿಷ್ ಅದನ್ನು ಬಿಟ್ಟು 'ಡಾಟರ್ ಇನ್ ಲಾ' ಅಂತ ಮಾಡಿಕೊಂಡಿತು. ಆ 'ಲಾ' ಅಂದರೆ ಚರ್ಚಿನ ಕಾನೂನು. ಮದುವೆಯ ಲೆಕ್ಕದಲ್ಲಿ ಇವಳೂ ಮಗಳೇ ಅಂತ ಆ ಕಾನೂನು ಎಣಿಸುತ್ತಿತ್ತು. ಇಂಗ್ಲಿಷ್ ಮನೆಯಿಂದ ಹೊರಗೆ ಹೋದ ಮಾತಿನ ನೆಂಟ ನಮ್ಮ ಅಡುಗೆಮನೆಯಲ್ಲಿ ದಿನಾ ಓಡಾಡಿಕೊಂಡಿದೆ.

ಇಷ್ಟು ಮಾತು ಕಳೆದುಕೊಂಡ ಮೇಲೆ ಇಂಗ್ಲಿಷ್ ಸುಮ್ನೆ ಕೂರಲಿಲ್ಲ. ಕೋರ್ಟಿಗೆ, ಡಾಕ್ಟರಿಗೆ, ವಂಶವೃಕ್ಷಕ್ಕೆ ಈ ಭೇದ ಬೇಕೇ ಬೇಕು. ಆಗ ಅದು ಗುಣವಾಚಕಗಳ ಮೊರೆ ಹೋಯಿತು. ಮೆಟರ್ನಲ್ ಅಂಕಲ್, ಪೆಟರ್ನಲ್ ಅಂಕಲ್. ಒಂದು ನಾಮಪದ ಮಾಡುತ್ತಿದ್ದ ಕೆಲಸಕ್ಕೆ ಈಗ ಎರಡು ಪದ, ಎರಡೂ ಹೊರಗಿನವು. ಎಆಮ್ ಅನ್ನೋ ಎರಡು ಸ್ವರ ಒಂದು ವ್ಯಂಜನದ ಪುಟ್ಟ ಮಾತಿನ ಜಾಗಕ್ಕೆ ಐದು ಸ್ವರದ ಉದ್ದ ಮಾತು ಬಂತು. ಅದನ್ನು ಯಾವ ಮಗುವೂ ಮಾವನ ಕುತ್ತಿಗೆಗೆ ಜೋತುಬಿದ್ದು ಕರೆಯೋದಿಲ್ಲ.

ಈ ಗುಣವಾಚಕಗಳು ಹೇಗೆ ಹುಟ್ಟುತ್ತವೆ ಅನ್ನೋದು ನನಗೆ ಬಹಳ ಇಷ್ಟದ ಭಾಗ. ಇಂಗ್ಲಿಷಿಗೆ ಸ್ವಂತದ್ದೊಂದು ಪ್ರತ್ಯಯ ಇದೆ, 'ಲಿ'. ಫಾದರ್ಲಿ, ಮದರ್ಲಿ, ಬ್ರದರ್ಲಿ, ಫ್ರೆಂಡ್ಲಿ. ಇದು ಹಳೆ ಇಂಗ್ಲಿಷಿನ 'ಲೀಚ್' ಅನ್ನೋ ಪದ ಸವೆದು ಆದದ್ದು. ಲೀಚ್ ಅಂದರೆ ಮೈ, ಒಡಲು. ಮದರ್ಲಿ ಅಂದರೆ ತಾಯಿಯ ಮೈಯುಳ್ಳ, ತಾಯಿಯ ರೂಪದ. ನಮ್ಮ 'ತಾಯಿಯಂಥ' ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಮಾತು ಇರೋಕೆ ಸಾಧ್ಯವಿಲ್ಲ. ಅದೇ ಲೀಚ್ ಬೇರೆ ದಾರಿಯಲ್ಲಿ 'ಲೈಕ್' ಆಗಿದೆ, ಅಂದರೆ 'ಹಾಗೆ'. ಇನ್ನೊಂದು ದಾರಿಯಲ್ಲಿ ಹೆಣ ಅನ್ನೋ ಅರ್ಥಕ್ಕೆ ಹೋಗಿದೆ. ಇಂಗ್ಲೆಂಡಿನ ಹಳೆ ಚರ್ಚುಗಳ ಮುಂದೆ ಮರದ ಸೂರಿನ ಒಂದು ಬಾಗಿಲು ಇರುತ್ತದೆ, ಹೆಣ ಹೊತ್ತು ತಂದವರು ಪಾದ್ರಿ ಬರೋವರೆಗೆ ಅಲ್ಲಿ ಇಳಿಸಿಕೊಳ್ಳುತ್ತಿದ್ದರು. ಅದರ ಹೆಸರು 'ಲಿಚ್ ಗೇಟ್'. ಫ್ರೆಂಡ್ಲಿ ಅನ್ನುವಾಗ ಬಾಯಲ್ಲಿ ಬರೋ 'ಲಿ' ಅದೇ.

ಇನ್ನೊಂದು ಲ್ಯಾಟಿನ್ನಿನ ಪ್ರತ್ಯಯ, 'ಅಲ್'. ಪೆಟರ್ನಲ್, ಮೆಟರ್ನಲ್, ಫ್ರೆಟರ್ನಲ್. ಇವು 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದವು. ಲ್ಯಾಟಿನ್ ಬಾಯಿಗೆ ಒಂದು ಅಭ್ಯಾಸ ಇತ್ತು. ಪದದ ಒಳಗೆ ಆಗಲೇ ಒಂದು 'ಲ' ಇದ್ದರೆ ಕೊನೆಗೆ ಮತ್ತೊಂದು 'ಲ' ಹೇಳೋದು ಕಷ್ಟ ಅಂತ 'ಅಲ್' ಜಾಗದಲ್ಲಿ 'ಅರ್' ಹೇಳುತ್ತಿದ್ದರು. ಅದಕ್ಕೇ ನ್ಯಾಷನಲ್, ಪರ್ಸನಲ್ ಇದ್ದ ಹಾಗೆ ಸೋಲಲ್ ಇಲ್ಲ, ಸೋಲಾರ್ ಇದೆ. ಪಾಪ್ಯುಲರ್, ಲೂನಾರ್ ಎಲ್ಲ ಇದೇ ಕಥೆ. ಲೀಗಲ್, ಲೋಕಲ್ ಥರದ ಕೆಲವು ತಪ್ಪಿಸಿಕೊಂಡಿವೆ. ಫ್ಯಾಮಿಲಿಯಿಂದ ಫೆಮಿಲಿಯರ್ ಆದದ್ದೂ ಹೀಗೆ. ಮನೆಯವರ ಹಾಗೆ ಬಳಕೆಯಾದದ್ದು ಅಂತ ಅರ್ಥ. ಅಂಕಲ್‌ನಿಂದ ಬಹಳ ತಡವಾಗಿ ಹುಟ್ಟಿದ ಗುಣವಾಚಕ 'ಅವಂಕ್ಯುಲರ್'. ಸಲಿಗೆಯಿಂದ, ಅಕ್ಕರೆಯಿಂದ ಮಾತಾಡೋ ಹಿರಿಯನಿಗೆ ಈ ಮಾತು. ಅದರಲ್ಲೂ ಹಳೆಯ ಅವುಂಕುಲುಸ್, ಸೋದರಮಾವ ಕೂತಿದ್ದಾನೆ. ಫ್ಯಾಮಿಲಿ ಅನ್ನೋ ಪದವೇ ಲ್ಯಾಟಿನ್ನಿನಲ್ಲಿ ಸೇವಕ ಅನ್ನೋ ಅರ್ಥದ 'ಫಾಮುಲುಸ್' ಅನ್ನೋದರಿಂದ ಬಂದದ್ದು. ಯಜಮಾನನ ಕೈಕೆಳಗಿನ ಆಳುಕಾಳು ಎಲ್ಲ ಸೇರಿ ಫ್ಯಾಮಿಲಿ. ಅಪ್ಪ, ಅಮ್ಮ, ಮಕ್ಕಳು ಅನ್ನೋ ಅರ್ಥ ಇಂಗ್ಲಿಷಿನಲ್ಲಿ ನೆಲೆಯಾದದ್ದು ಆಮೇಲೆ.

ಮದರ್ಲಿ, ಮೆಟರ್ನಲ್ ಎರಡಕ್ಕೂ ನಿಘಂಟಿನಲ್ಲಿ ಹೆಚ್ಚುಕಡಿಮೆ ಒಂದೇ ಅರ್ಥ. ಬಳಕೆಯಲ್ಲಿ ಎಷ್ಟು ದೂರ! ಮದರ್ಲಿ ಅಂದರೆ ಮಡಿಲು. ಮೆಟರ್ನಲ್ ಅಂದರೆ ಆಸ್ಪತ್ರೆಯ ಫೈಲು. ಕನ್ನಡದಲ್ಲೂ ನಮಗೆ ಇದೇ ಎರಡು ಅಂತಸ್ತು ಇದೆ. ತಾಯ್ನುಡಿ–ಮಾತೃಭಾಷೆ, ತಾಯ್ತನ–ಮಾತೃತ್ವ, ಮನೆಯ–ಕೌಟುಂಬಿಕ, ಅಪ್ಪನ–ಪೈತೃಕ. ನಮ್ಮ ಸರ್ಕಾರದಲ್ಲೇ ನೋಡಿ. ಗರ್ಭಿಣಿಯರ ಕೈಗೆ ಕೊಡೋದು 'ತಾಯಿ ಕಾರ್ಡ್', ಅಂಗನವಾಡಿಯಲ್ಲಿ ಅವರಿಗೆ ಬಿಸಿಯೂಟ ಕೊಡೋಕೆ 2017ರಲ್ಲಿ ಶುರುವಾದ ಯೋಜನೆ 'ಮಾತೃಪೂರ್ಣ'. ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು 'ತಾಯಿ ಕಾರ್ಡ್ ತಗೊಂಡು ಬಾರಮ್ಮ' ಅನ್ನೋದು ನನಗೆ ಎಷ್ಟೋ ಸಲ ಕೇಳಿಸಿದೆ, ಅಲ್ಲಿ 'ಮಾತೃ ಕಾರ್ಡ್' ಅಂತ ಇದ್ದಿದ್ದರೆ ಆ ಮಾತಿನ ಬಿಸುಪು ಹಾಗೇ ಇರುತ್ತಿತ್ತಾ? ಇದು ಬರೀ ಸೊಗಸಿನ ಮಾತಲ್ಲ. 'ಬಾಣಂತಿಯರ ಸಾವು' ಅಂತ ಪತ್ರಿಕೆಯಲ್ಲಿ ಓದಿದರೆ ಎದೆ ಝಲ್ಲೆನ್ನುತ್ತದೆ. 'ಮಾತೃ ಮರಣ ಪ್ರಮಾಣ' ಅಂತ ಓದಿದರೆ ಕಣ್ಣು ಮುಂದಿನ ಸಾಲಿಗೆ ಹೋಗುತ್ತದೆ. ಇಂಗ್ಲಿಷಿನ 'ಮೆಟರ್ನಲ್ ಮಾರ್ಟಾಲಿಟಿ' ಕೂಡ ಹಾಗೇ. ಎರಡು ಭಾಷೆಯಲ್ಲೂ ಹೊರಗಿನಿಂದ ಬಂದ ದೊಡ್ಡ ಪದ ಅಳುವನ್ನು ಅಂಕಿ ಮಾಡಿಬಿಡುತ್ತದೆ. ಅಂಕಿ ಬೇಕು, ಅದಿಲ್ಲದೆ ದುಡ್ಡು ಬರೋದಿಲ್ಲ, ಡಾಕ್ಟರು ಬರ್ತಿ ಆಗೋದಿಲ್ಲ. ಆದರೆ ಎರಡೂ ಮಾತು ಪತ್ರಿಕೆಯಲ್ಲಿ ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಉಳಿದ ಪ್ರತ್ಯಯಗಳಲ್ಲಿ 'ಇಶ್' ಒಂದನ್ನು ಹೇಳಲೇಬೇಕು. ಇಂಗ್ಲಿಷ್ ಅನ್ನೋ ಹೆಸರಿನಲ್ಲೇ ಇರೋ 'ಇಷ್' ಅದು. ಊರು, ಜನಾಂಗ ಹೇಳುವಾಗ ಏನೂ ತೊಂದರೆ ಇಲ್ಲ, ಮನೆಯ ಮಾತಿಗೆ ಅಂಟಿದರೆ ಹೆಚ್ಚಾಗಿ ಬೈಗುಳದ ವಾಸನೆ ಬರುತ್ತದೆ. ಚೈಲ್ಡಿಶ್ ಬೇರೆ, ಚೈಲ್ಡ್‌ಲೈಕ್ ಬೇರೆ. ನಮ್ಮಲ್ಲೂ ಬಾಲಿಶ ಬೇರೆ, ಮಗುವಿನಂಥ ಬೇರೆ. 'ಇಶ್', 'ಇಶ' ಎರಡಕ್ಕೂ ನೆಂಟಸ್ತಿಕೆ ಇಲ್ಲ, ಆದರೆ ಕೆಲಸ ಒಂದೇ. ಫಾದರ್‌ಲೆಸ್ ಅನ್ನುವಾಗಿನ 'ಲೆಸ್' ಕಡಿಮೆ ಅನ್ನೋ ಲೆಸ್ ಅಲ್ಲ. ಅದು 'ಬಿಟ್ಟುಹೋದ' ಅನ್ನೋ ಅರ್ಥದ ಹಳೆ ಮಾತು, 'ಲೂಸ್' ಅನ್ನೋ ಪದದ ಹತ್ತಿರದ ನೆಂಟ. ಸ್ಟೆಪ್‌ಮದರ್ ಅನ್ನುವಾಗಿನ 'ಸ್ಟೆಪ್' ಮೆಟ್ಟಿಲಲ್ಲ, ಕಳೆದುಕೊಂಡ ಅಂತ. ಹಳೆ ಇಂಗ್ಲಿಷಿನಲ್ಲಿ ಸ್ಟೆಪ್‌ಚೈಲ್ಡ್ ಅಂದರೆ ಅಪ್ಪ ಅಮ್ಮನನ್ನು ಕಳೆದುಕೊಂಡ ಮಗು. ಅನಾಥ ಮಗುವಿಗೆ ಇದ್ದ ಹೆಸರು ಆಮೇಲೆ ಬಂದ ತಾಯಿಗೆ ಹೋಗಿ, ಕೊನೆಗೆ 'ಸ್ಟೆಪ್‌ಮದರ್ಲಿ' ಅಂತ ಆಯಿತು. ಈ ಪದವನ್ನು ಇಂಗ್ಲೆಂಡಿಗಿಂತ ಜಾಸ್ತಿ ಬಳಸೋರು ನಮ್ಮ ದೇಶದ ಪತ್ರಿಕೆಗಳು. ಬಜೆಟ್ ಬಂದಾಗಲೆಲ್ಲ ಓದುತ್ತೇವಲ್ಲ, 'ಮಲತಾಯಿ ಧೋರಣೆ'. ನಿಜವಾದ ಮಲತಾಯಂದಿರ ಮಟ್ಟಿಗೆ ಇದು ಅನ್ಯಾಯದ ಮಾತು. ಬೇರೆಯವರ ಮಕ್ಕಳನ್ನು ತಮ್ಮವೇ ಅಂತ ಸಾಕಿದ ಇಬ್ಬರು ಹೆಂಗಸರನ್ನು ನಾನು ಹತ್ತಿರದಿಂದ ಬಲ್ಲೆ. ಈ ಮಾತು ಬರೆಯೋದನ್ನು ಬಿಟ್ಟು ವರ್ಷಗಳಾದವು.

ಲ್ಯಾಟಿನ್ನಿನ ಇನ್ನೊಂದು ಜೋಡಿ ಕೂಡ ಕಣ್ಣಿಗೆ ಚುಚ್ಚುತ್ತದೆ. ಅಪ್ಪ ಅನ್ನೋ ಪದಕ್ಕೆ 'ಮೋನಿಯುಂ' ಸೇರಿಸಿದರೆ ಪ್ಯಾಟ್ರಿಮೊನಿ, ಅಂದರೆ ಪಿತ್ರಾರ್ಜಿತ ಆಸ್ತಿ. ಅಮ್ಮ ಅನ್ನೋ ಪದಕ್ಕೆ ಅದನ್ನೇ ಸೇರಿಸಿದರೆ ಮ್ಯಾಟ್ರಿಮೊನಿ, ಅಂದರೆ ಮದುವೆ. ಒಂದೇ ಪ್ರತ್ಯಯ. ಗಂಡಿನ ಕಡೆ ಜಮೀನು, ಹೆಣ್ಣಿನ ಕಡೆ ತಾಳಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಅಂತ ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾನೂನು ಮಾಡಿತು. ಆದರೂ ಪಿತ್ರಾರ್ಜಿತ ಅನ್ನೋ ಪದದ ಒಳಗೆ ಈಗಲೂ ಪಿತೃ ಒಬ್ಬನೇ ಇದ್ದಾನೆ.

ಇಂಗ್ಲಿಷ್ ಈಗ ತನ್ನ ಮನೆಮಾತನ್ನು ಮತ್ತೆ ಕಟ್ಟಿಕೊಳ್ಳುತ್ತಿದೆ. ಸಿಬ್ಲಿಂಗ್ ಅನ್ನೋ ಮಾತು ಹಳೆ ಇಂಗ್ಲಿಷಿನಲ್ಲಿ ಯಾವುದೇ ನೆಂಟನಿಗೆ ಇತ್ತು, ಆಮೇಲೆ ಬಳಕೆ ತಪ್ಪಿತು. ಅನುವಂಶೀಯತೆ ಓದುವವರು, ಬುಡಕಟ್ಟುಗಳನ್ನು ಓದುವವರು ಅದನ್ನು 20ನೇ ಶತಮಾನದ ಮೊದಲಿಗೆ ಎಬ್ಬಿಸಿ ಒಡಹುಟ್ಟಿದವರು ಅನ್ನೋ ಅರ್ಥಕ್ಕೆ ತಂದರು. ಈಗ ಅದು ಇಲ್ಲದೆ ಶಾಲೆಯ ಅರ್ಜಿ ಇಲ್ಲ. ಅದರ ಮಾದರಿಯಲ್ಲೇ ಅಕ್ಕತಂಗಿ, ಅಣ್ಣತಮ್ಮಂದಿರ ಮಕ್ಕಳಿಗೆ ಗಂಡು–ಹೆಣ್ಣು ಎಣಿಸದೆ 'ನಿಬ್ಲಿಂಗ್' ಅನ್ನಬಹುದು ಅಂತ ಅಮೆರಿಕದ ಭಾಷಾಶಾಸ್ತ್ರಜ್ಞ ಸ್ಯಾಮ್ಯುಯೆಲ್ ಮಾರ್ಟಿನ್ 1950ರ ದಶಕದ ಮೊದಲಿಗೆ ಮಾಡಿದ ಪದ ಈಗ ನಿಧಾನಕ್ಕೆ ಬಳಕೆಗೆ ಬರುತ್ತಿದೆ. ಮದರ್, ಫಾದರ್ ಅಂತ ಎರಡು ಖಾನೆ ಇದ್ದ ಅರ್ಜಿಗಳಲ್ಲಿ ಪೇರೆಂಟ್ ಅನ್ನೋದು ಬರುತ್ತಿದೆ. ನಮ್ಮ ದೇಶದಲ್ಲೂ 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಗೆ ಅಪ್ಪ, ಅಮ್ಮ, ಪೋಷಕರು ಇವರಲ್ಲಿ ಒಬ್ಬರ ಹೆಸರು ಸಾಕು. ಒಬ್ಬಳೇ ಮಕ್ಕಳನ್ನು ಬೆಳೆಸಿದ ತಾಯಂದಿರಿಗೆ ಆ ಒಂದು ಖಾನೆ ಎಷ್ಟು ದೊಡ್ಡ ಬಿಡುಗಡೆ ಅನ್ನೋದು ಅನುಭವಿಸಿದವರಿಗೇ ಗೊತ್ತು.

ನಾವು ಕೂಡ ಇಂಗ್ಲಿಷಿಗೆ ತೇಪೆ ಹಾಕಿದ್ದೇವೆ. ಕಸಿನ್ ಬ್ರದರ್, ಕಸಿನ್ ಸಿಸ್ಟರ್ ಅನ್ನೋದು ತಪ್ಪು ಇಂಗ್ಲಿಷ್ ಅಂತ ಮೇಷ್ಟ್ರು ತಿದ್ದುತ್ತಾರೆ. ಚಿಕ್ಕಪ್ಪನ ಮಗನನ್ನು ತಮ್ಮ ಅಂತಲೇ ಕರೆದು ಬೆಳೆದವನಿಗೆ ಬರೀ ಕಸಿನ್ ಅನ್ನೋಕೆ ನಾಲಿಗೆ ಹೇಗೆ ಬರಬೇಕು? ಷಡ್ಡಕನಿಗೆ ಕೋ ಬ್ರದರ್, ಓರಗಿತ್ತಿಗೆ ಕೋ ಸಿಸ್ಟರ್ ಅನ್ನೋದು ನಮ್ಮ ದಕ್ಷಿಣದ ಇಂಗ್ಲಿಷಿನಲ್ಲಿ ಬೇರೂರಿದೆ. ನನ್ನ ಪ್ರಕಾರ ಇವು ತಪ್ಪಲ್ಲ. ಇಂಗ್ಲಿಷಿನಲ್ಲಿ ಖಾಲಿ ಇದ್ದ ಚೌಕಕ್ಕೆ ನಾವು ಬರೆದ ಹೆಸರುಗಳು.

ಹಾಗಾದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಎಲ್ಲರಿಗೂ ಅಂಕಲ್, ಆಂಟಿ ಅನ್ನೋದಕ್ಕೆ ಗಾಬರಿ ಆಗಬೇಕಾ? ಎರವಲು ಪದ ಬಂದದ್ದಕ್ಕೆ ಗಾಬರಿ ಬೇಡ. ಧಾರವಾಡದ ಕಡೆ ಚಿಕ್ಕಪ್ಪನಿಗೆ ಕಾಕಾ ಅನ್ನುತ್ತಾರೆ, ಅದೂ ಹೊರಗಿನಿಂದ ಬಂದದ್ದೇ. ಆದರೆ ಕಾಕಾ ಅಪ್ಪನ ಕಡೆಯ ಚೌಕದಲ್ಲೇ ಕೂತಿದೆ, ಮಾಮಾ ಅಮ್ಮನ ಕಡೆಯ ಚೌಕದಲ್ಲೇ ಇದೆ. ಹೆಸರು ಬದಲಾದರೂ ಚೌಕ ಅಳಿಸಿಲ್ಲ. ಅಂಕಲ್ ಹಾಗಲ್ಲ. ಅದು ಬಂದ ಕಡೆಯೆಲ್ಲ ಚೌಕಗಳ ನಡುವಿನ ಗೆರೆ ಅಳಿಸುತ್ತದೆ. ಇಂಗ್ಲಿಷಿನಲ್ಲಿ ಅಳಿಸಿತು, ಆಮೇಲೆ ಜರ್ಮನ್ನಿನಲ್ಲೂ ಓಹೈಮ್ ಅನ್ನೋ ಸೋದರಮಾವನನ್ನು ಓಂಕೆಲ್ ಅನ್ನೋ ರೂಪದಲ್ಲಿ ಬಂದು ಅಳಿಸಿತು. ಪಕ್ಕದ ಮನೆಯವರಿಗೆ ಅಂಕಲ್ ಅನ್ನೋದರಿಂದ ಏನೂ ಹೋಗೋದಿಲ್ಲ. ಅಮ್ಮನ ತಮ್ಮನಿಗೆ ಅಂಕಲ್ ಅನ್ನೋಕೆ ಶುರು ಮಾಡಿದ ಮನೆಯಲ್ಲಿ, ಇನ್ನೊಂದು ತಲೆಮಾರಿಗೆ 'ಯಾವ ಅಂಕಲ್' ಅನ್ನೋ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ.

ಅವತ್ತು ವಿಡಿಯೊ ಕಾಲಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. ಎಂಟು ವರ್ಷದ ಮಗುವಿಗೆ ವೆರ್ನರ್ ಯಾಕೆ? ಎಆಮ್ ಕಥೆ ಮಾತ್ರ ಹೇಳಿದೆ. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನ ಮಕ್ಕಳಿಗೂ ನಿನ್ನ ಹಾಗೆ ಮಾವ ಬೇರೆ, ಚಿಕ್ಕಪ್ಪ ಬೇರೆ ಇದ್ದರು ಅಂದೆ.

"ಮತ್ತೆ ಆ ವರ್ಡ್ ಯಾಕೆ ಬಿಟ್ರು?"

"ದೊಡ್ಡ ಜನ ಬೇರೆ ಮಾತಾಡ್ತಿದ್ರು ಪುಟ್ಟಿ, ಇವರೂ ಹಾಗೇ ಮಾತಾಡೋಕೆ ಹೋದ್ರು."

ಅವಳು ರಬ್ಬರ್ ತಂದಳು. ಏಳರಲ್ಲಿ ಆರು ಅಂಕಲ್ ಅಳಿಸಿದಳು, ಪಕ್ಕದ ಮನೆಯವರದನ್ನು ಬಿಟ್ಟಳು. ದೊಡ್ಡಪ್ಪ, ಚಿಕ್ಕಪ್ಪ, ಮಾವ ಅಂತ ಇಂಗ್ಲಿಷ್ ಅಕ್ಷರದಲ್ಲಿ ನಿಧಾನಕ್ಕೆ ಬರೆದಳು. ದೊಡ್ಡಪ್ಪಕ್ಕೆ ಎಷ್ಟು 'ಡಿ' ಅಂತ ಎರಡು ಸಲ ಕೇಳಿದಳು. ಅಮ್ಮನ ಅಣ್ಣತಮ್ಮಂದಿರ ಚೌಕಕ್ಕೆ ಬಂದಾಗ ಪೆನ್ಸಿಲ್ ನಿಲ್ಲಿಸಿ, ಆ ಹಳೆ ವರ್ಡ್ ಹೇಗೆ ಬರೆಯೋದು ಅಂತ ಕೇಳಿದಳು. ಮೂರೇ ಅಕ್ಷರ, ಇ, ಎ, ಎಂ, ಅಂದೆ. ಎರಡೂ ಫೋಟೊಗಳ ಕೆಳಗೆ, ಮಾವ ಅನ್ನೋದರ ಪಕ್ಕದಲ್ಲಿ, ಆ ಮೂರು ಅಕ್ಷರವನ್ನು ಬರೆದಳು.